ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ: ಮೆಟ್ರೋನಾ, 335ಇ ಬಸ್ಸಾ?

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕಾಡುಗೋಡಿಯಿಂದ ನಗರದ ನಡುವಿನ ಮೆಜೆಸ್ಟಿಕ್‌ಗೆ ಎರಡರಲ್ಲೂ ಓಡಾಡಿದ್ದೇನೆ. ಬರೀ ಟೈಮ್ ನೋಡಿದರೆ ಮೆಟ್ರೋ ಎದುರು ಬಸ್ ನಿಲ್ಲುವುದಿಲ್ಲ. ಮೆಟ್ರೋದಲ್ಲಿ ಮುಕ್ಕಾಲು ಗಂಟೆ ಚಿಲ್ಲರೆ ಸಾಕು. ಸಂಜೆ ಹೊತ್ತು ಬಸ್ಸಿಗೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮಳೆ ಬಂದರಂತೂ ಕೇಳಲೇಬೇಡಿ.

ಆದರೆ ಎರಡರ ದಾರಿಯೇ ಬೇರೆ. ಮೆಟ್ರೋದ ನೇರಳೆ ಮಾರ್ಗ ಹೂಡಿ, ಕೆ.ಆರ್. ಪುರ, ಇಂದಿರಾನಗರದ ಮೇಲೆ ಹೋಗುತ್ತದೆ. 335ಇ ಹಿಡಿಯುವುದು ಕುಂದಲಹಳ್ಳಿ ಗೇಟ್, ಮಾರತಹಳ್ಳಿ, ಎಚ್‌ಎಎಲ್, ದೊಮ್ಮಲೂರು. 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದ ತನಕ ಪೂರ್ತಿ ಮಾರ್ಗ ಶುರುವಾದಾಗ ‘ಇನ್ನು ಬಸ್ ಯಾಕೆ’ ಅಂದವರಿದ್ದರು. ಆದರೆ ಈ ಬಸ್ ಓಡಾಡುವ ಹಳೇ ಏರ್‌ಪೋರ್ಟ್ ರಸ್ತೆಯವರಿಗೆ ಇವತ್ತಿಗೂ ಬಸ್ಸೇ ಗತಿ, ಅಲ್ವಾ?

ದುಡ್ಡಿನ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ. ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಮನೆಗೆಲಸಕ್ಕೆ ಹೋಗುವವರು. ‘ಮೆಟ್ರೋ ಚೆನ್ನಾಗೇ ಇದೆ ಅಕ್ಕಾ, ದಿನಾ ಅಷ್ಟು ದುಡ್ಡು ಎಲ್ಲಿಂದ ತರೋದು?’ ಅಂದರು. ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಆಧಾರ್ ತೋರಿಸಿದರೆ ಅವರಿಗೆ ಬಸ್ ಫ್ರೀ. ಮೆಟ್ರೋದಲ್ಲಿ ಆ ಸೌಲಭ್ಯವಿಲ್ಲ. ಅದರ ಮೇಲೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಹಿಂದಿನ ಸೀಟಿನ ಹುಡುಗಿ ಮಾತ್ರ ಕಾಸು ಕೊಟ್ಟೇ ಟಿಕೆಟ್ ತಗೊಂಡಳು. ಹೊರರಾಜ್ಯದವಳು, ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇಲ್ಲ.

ಕಂಡಕ್ಟರ್ ಸಂಕಟ ಇನ್ನೊಂದು. ಸ್ಟಾಪಿನಲ್ಲಿ ಕ್ಯಾಬ್‌ಗಳು ನಿಂತಿರುತ್ತವೆ. ಡ್ರೈವರ್ ನಡುರಸ್ತೆಯಲ್ಲೇ ಬ್ರೇಕ್ ಹಾಕಬೇಕು. ಹತ್ತುವವರು ಗಾಡಿಗಳ ಸಂದಿಯಲ್ಲಿ ನುಸುಳಿ ಬರಬೇಕು. ಹಿಂದಿನಿಂದ ಒಂದೇ ಸಮನೆ ಹಾರ್ನ್. ‘ಬೈಗುಳ ಮಾತ್ರ ನಮಗೆ ಮೇಡಂ’ ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಬಸ್ ತುಂಬಾ ಜನ ಇರುವಾಗ ದಾರಿ ಬಿಡಬೇಕಾದವರು ಒಬ್ಬೊಬ್ಬರೇ ಕೂತ ಕಾರಿನವರು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಅಂತ ಲೇನ್ ಮಾಡಿದ್ದರು. ಅದು ಉಳಿಯಲಿಲ್ಲ ಅನ್ನುವುದು ನನಗೆ ಈಗಲೂ ಬೇಜಾರು.

ಮೆಟ್ರೋ ತೊಡಕು ಇಳಿದ ಮೇಲೆ ಶುರು. 2025ರ ಆಗಸ್ಟ್‌ನಿಂದ ಆಟೋ ಮಿನಿಮಮ್ ಎರಡು ಕಿಲೋಮೀಟರ್‌ಗೆ 36 ರೂಪಾಯಿ. ಸ್ಟೇಷನ್ ಕೆಳಗೆ ಮೀಟರ್ ಹಾಕಿ ಅಂದರೆ ‘ಒಳಗಡೆ ಬಿಟ್ಟು ಖಾಲಿ ವಾಪಸ್ ಬರ್ಬೇಕಲ್ಲ ಮೇಡಂ’ ಅನ್ನುತ್ತಾರೆ. ಜಾಸ್ತಿ ಕೇಳುವುದು ತಪ್ಪೇ. ಆದರೆ ಖಾಲಿ ಬರುವುದೂ ನಿಜ.

ಮೆಜೆಸ್ಟಿಕ್‌ನಲ್ಲಿ ಊರಿನ ರೈಲು ಹಿಡಿಯಬೇಕಾದರೆ ನನ್ನ ಆಯ್ಕೆ ಮೆಟ್ರೋ. ಮಾರತಹಳ್ಳಿ ಕಡೆ ಕೆಲಸವಿದ್ದರೆ 335ಇ. ಎರಡಕ್ಕೂ ಮೊದಲು ಬೇಕಾದದ್ದು ಸ್ಟೇಷನ್‌ನಿಂದ ಒಳಗಿನ ಲೇಔಟ್‌ಗಳಿಗೆ ಹತ್ತು ನಿಮಿಷಕ್ಕೊಂದು ಸಣ್ಣ ಬಸ್, ರಾತ್ರಿ ಕೊನೆಯ ಮೆಟ್ರೋ ಬರುವ ತನಕ.