ಮುಖ ಮರೆಸಲು ಡಾವಿಂಚಿ ರಿಸಾಲ್ವ್: ಪುಕ್ಕಟೆ ಆವೃತ್ತಿ ಎಷ್ಟು ದೂರ ಬರುತ್ತದೆ?

ಮಾಲೂರು ಕಡೆಯ ಇಟ್ಟಿಗೆ ಗೂಡೊಂದರಲ್ಲಿ ದುಡಿಯುವ ಹದಿಮೂರರ ಹುಡುಗ ಕ್ಯಾಮೆರಾ ಮುಂದೆ ಮಾತಾಡಿದ್ದಾನೆ ಎಂದಿಟ್ಟುಕೊಳ್ಳಿ. ಅವನ ಗುರುತು ಹತ್ತಬಾರದ ಜನ ಯಾವುದೋ ಚಿತ್ರೋತ್ಸವದಲ್ಲಿ ಕೂತಿರುವುದಿಲ್ಲ, ಅದೇ ಹೋಬಳಿಯಲ್ಲಿರುತ್ತಾರೆ. ಗೂಡಿನ ಮಾಲೀಕ, ಮುಂಗಡ ಕೊಟ್ಟು ಕರೆತಂದ ಮೇಸ್ತ್ರಿ, ಪಕ್ಕದ ಗುಡಿಸಲಿನವರು. ಅವರಿಗೆ ಮುಖವೇ ಬೇಕಿಲ್ಲ. ಅಂಗಿ, ನಡಿಗೆ, ಹಿಂದೆ ಕಾಣುವ ಸೈಕಲ್ಲು ಸಾಕು. ಶೋಷಣೆಗೆ ಸಿಕ್ಕಿದ ಎಳೆಯರ ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು ಯಾವ ಸಾಫ್ಟ್‌ವೇರನ್ನಾದರೂ ಈ ಹೋಬಳಿಯ ಕಣ್ಣಿನಿಂದಲೇ ಪರೀಕ್ಷಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಣ್ಣ ತಂಡಗಳಿಗೆ ದುಡ್ಡಿಲ್ಲದೆ ಸಿಗುವ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಆ ಪರೀಕ್ಷೆಯಲ್ಲಿ ಅರ್ಧ ಪಾಸು.

ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಈ ಸಾಫ್ಟ್‌ವೇರಿಗೆ ಎರಡು ರೂಪ. ಉಚಿತ ಆವೃತ್ತಿ ಒಂದು, ಒಂದೇ ಸಲ 295 ಡಾಲರ್ ಕೊಟ್ಟು ಕೊಳ್ಳುವ ಸ್ಟುಡಿಯೋ ಇನ್ನೊಂದು. ಉಚಿತದ್ದರಲ್ಲಿ ವಾಟರ್‌ಮಾರ್ಕ್ ಕಾಟವಿಲ್ಲದೆ ಅಲ್ಟ್ರಾ ಎಚ್‌ಡಿವರೆಗೆ ರೆಂಡರ್ ಮಾಡಬಹುದು. 16 ಜಿಬಿ ರ್ಯಾಮ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪ್ರಯತ್ನವೇ ಬೇಡ. ಎಫೆಕ್ಟುಗಳನ್ನು ಮಾಡುವ ಫ್ಯೂಷನ್ ಪುಟ ಬಳಸುವುದಾದರೆ 32 ಬೇಕು. ಮೊದಲ ತಕರಾರು ಫೈಲ್ ತೆರೆಯುವಾಗಲೇ ಬರುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಎಂಬ ಬಗೆಯ ಫೈಲು ವಿಂಡೋಸಿನ ಉಚಿತ ಆವೃತ್ತಿಯಲ್ಲಿ ಸದ್ದು ಮಾತ್ರ ಕೇಳಿಸಿ ಚಿತ್ರ ಬಾರದೆ ನಿಲ್ಲುವುದುಂಟು. ಶಟರ್ ಎನ್‌ಕೋಡರ್ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶದಲ್ಲಿ, ಎಡಿಟಿಂಗಿಗೆ ಸುಲಭವಾದ ಫೈಲ್ ರೂಪ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿಕೊಂಡರೆ ಸರಿಹೋಗುತ್ತದೆ. ಡಿಸ್ಕಿನಲ್ಲಿ ಹಲವು ಪಟ್ಟು ಜಾಗ ತಿನ್ನುತ್ತದೆ, ಅಷ್ಟೇ.

ಮುಖ ಮರೆಸುವ ಕೆಲಸ ಬಣ್ಣ ತಿದ್ದುವ ಕಲರ್ ಪುಟದಲ್ಲಿ. ಹೊಸ ಸೀರಿಯಲ್ ನೋಡ್ (ಚಿತ್ರಕ್ಕೆ ಮಾಡುವ ಬದಲಾವಣೆಯ ಒಂದು ಹಂತ) ಹಾಕಿ, ಪವರ್ ವಿಂಡೋದಲ್ಲಿ, ಅಂದರೆ ಬದಲಾವಣೆ ಇಷ್ಟೇ ಜಾಗಕ್ಕೆ ಎಂದು ಗೆರೆ ಹಾಕುವ ಕಿಟಕಿಯಲ್ಲಿ, ವೃತ್ತ ಆರಿಸಿ. ಬಹುತೇಕರು ವೃತ್ತವನ್ನು ಹಣೆಯಿಂದ ಗಲ್ಲದವರೆಗೆ ಎಳೆದು ಬಿಡುತ್ತಾರೆ. ಕಿವಿ, ಓಲೆ, ಜಡೆ ಕಟ್ಟಿದ ರೀತಿ, ಕುತ್ತಿಗೆಯ ದಾರ ಎಲ್ಲ ಒಳಗೆ ಬರಬೇಕು. ಭುಜದ ಅಂಚಿನವರೆಗೂ ಇಳಿಸಿದರೆ ತಪ್ಪಿಲ್ಲ. ಅಂಚಿನ ಸಾಫ್ಟ್‌ನೆಸ್ ಕಡಿಮೆ ಇಡಿ, ಇಲ್ಲವಾದರೆ ಅಂಚಿನಲ್ಲಿ ಕಿವಿ ಅರೆಬರೆ ಕಾಣುತ್ತದೆ. ಇನ್ನು ಮುಖ ಸರಿದಂತೆ ಕಿಟಕಿಯನ್ನೂ ಸರಿಸುವ ಟ್ರ್ಯಾಕರ್. ಶಾಟಿನ ಮೊದಲ ಫ್ರೇಮಿನಿಂದ ಶುರು ಮಾಡುವ ಅಭ್ಯಾಸ ಬಿಡಿ. ಮುಖ ನೇರವಾಗಿ, ಬೆಳಕಿನಲ್ಲಿ ಇರುವ ಫ್ರೇಮಿಗೆ ಹೋಗಿ ಅಲ್ಲಿಂದ ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ ಓಡಿಸಿ.

ಕೂತು ಮಾತಾಡುವ ಸಂದರ್ಶನಕ್ಕೆ ಟ್ರ್ಯಾಕರ್ ಚೆನ್ನಾಗಿ ಅಂಟಿಕೊಳ್ಳುತ್ತದೆ. ಅದು ಜಾರುವುದು ಮೂರು ಕಡೆ: ಕೈ ಮುಖದ ಮುಂದೆ ಹಾದಾಗ, ಮುಖ ಪೂರ್ತಿ ತಿರುಗಿದಾಗ, ಹಬೆ ಅಥವಾ ದೂಳು ಅಡ್ಡ ಬಂದಾಗ. ಶಿಡ್ಲಘಟ್ಟದಂಥ ಕಡೆ ರೇಷ್ಮೆ ರೀಲಿಂಗ್ ಕೋಣೆಯಲ್ಲಿ ಚಿತ್ರೀಕರಿಸಿದ್ದರೆ ಗೂಡು ಬೇಯುವ ನೀರಿನ ಹಬೆಗೆ ಟ್ರ್ಯಾಕರ್ ದಿಕ್ಕು ತಪ್ಪಿ, ವೃತ್ತ ಪಕ್ಕದ ಗೋಡೆಗೆ ಹೋಗಿ ಕೂರುತ್ತದೆ. ಆಗ ಟ್ರ್ಯಾಕರ್ ಪಟ್ಟಿಯಲ್ಲಿ ‘ಕ್ಲಿಪ್’ ಇರುವುದನ್ನು ‘ಫ್ರೇಮ್’ಗೆ ಬದಲಿಸಿ, ಐದಾರು ಫ್ರೇಮಿಗೊಮ್ಮೆ ಕೈಯಿಂದ ಕಿಟಕಿ ಸರಿಸಬೇಕು. ‘ಕ್ಲಿಪ್’ನಲ್ಲೇ ಬಿಟ್ಟು ಸರಿಸಿದಿರೋ, ಇಡೀ ಶಾಟಿನ ಟ್ರ್ಯಾಕ್ ಅಷ್ಟೂ ಸರಿದು ಸರಿಯಿದ್ದ ಭಾಗವೂ ಕೆಡುತ್ತದೆ. ಹೊಸಬರು ಅರ್ಧ ದಿನ ಕಳೆದುಕೊಳ್ಳುವುದು ಇಲ್ಲೇ.

ಕಿಟಕಿಯೊಳಗೆ ಏನು ತುಂಬಬೇಕು? ಬ್ಲರ್ ರೇಡಿಯಸ್ಸನ್ನು ಪೂರ್ತಿ ಏರಿಸಿದರೂ 4ಕೆ ಚಿತ್ರದಲ್ಲಿ ಹತ್ತಿರದ ಮುಖ ಪರಿಚಿತರಿಗೆ ಗೊತ್ತಾಗುವುದುಂಟು. ಅದರ ಮೇಲೆ ಇನ್ನೊಂದು ಬ್ಲರ್ ನೋಡ್ ಹೇರಬೇಕಾಗುತ್ತದೆ. ಚೌಕ ಚೌಕದ ಮೊಸಾಯಿಕ್ ಭದ್ರ ಅನ್ನಿಸುತ್ತದೆ, ಆದರೆ ಯೂಟ್ಯೂಬಿನ ಬ್ಲರ್ ಮತ್ತು ಮೊಸಾಯಿಕ್ ಹಾಕಿದ ಮುಖಗಳನ್ನೂ ತರಬೇತಿ ಪಡೆದ ಕಂಪ್ಯೂಟರ್ ಗುರುತಿಸಬಲ್ಲದು ಎಂದು ಟೆಕ್ಸಾಸ್ ವಿಶ್ವವಿದ್ಯಾಲಯ ಮತ್ತು ಕಾರ್ನೆಲ್ ಟೆಕ್‌ನ ಸಂಶೋಧಕರು 2016ರಲ್ಲೇ ತೋರಿಸಿದ್ದಾರೆ. ಭದ್ರವಾದ ದಾರಿ ಸೊಗಸಿಲ್ಲದ್ದು: ಅದೇ ನೋಡಿನಲ್ಲಿ ಕಾಂಟ್ರಾಸ್ಟ್, ಸ್ಯಾಚುರೇಶನ್ ಎರಡನ್ನೂ ಸೊನ್ನೆಗೆ ಇಳಿಸಿ. ಮುಖದ ಜಾಗದಲ್ಲಿ ಬೂದು ತೇಪೆ ಉಳಿಯುತ್ತದೆ. ನಿರ್ದೇಶಕರಿಗೆ ಇಷ್ಟವಾಗುವುದಿಲ್ಲ. ಆಗದಿದ್ದರೂ ಹಾಗೇ ಮಾಡಿ.

ಮುಖ ಹುಡುಕಿಕೊಡುವ ಫೇಸ್ ರಿಫೈನ್‌ಮೆಂಟ್, ಇಡೀ ಆಕೃತಿ ಕತ್ತರಿಸಿಕೊಡುವ ಮ್ಯಾಜಿಕ್ ಮಾಸ್ಕ್ ಎರಡೂ ಸ್ಟುಡಿಯೋದಲ್ಲಿ ಮಾತ್ರ. ಸಂತೆ, ಬಸ್ ಸ್ಟ್ಯಾಂಡ್‌ನಂಥ ಗದ್ದಲದ ಶಾಟುಗಳು ಹೆಚ್ಚಿದ್ದರೆ 295 ಡಾಲರ್ ದಂಡವಲ್ಲ. ಮೂರು ನಾಲ್ಕು ಕೂತ ಸಂದರ್ಶನಗಳ ಇಪ್ಪತ್ತು ನಿಮಿಷದ ಚಿತ್ರಕ್ಕೆ ಬೇಕಾಗುವುದಿಲ್ಲ.

ಟ್ರ್ಯಾಕ್ ಮುಗಿದ ಮೇಲೆ ಎಡಿಟ್ ಪುಟಕ್ಕೆ ಮರಳಿ ಶಾಟನ್ನು ಹತ್ತು ಫ್ರೇಮ್ ಉದ್ದ ಮಾಡಿದರೆ ಆ ಹತ್ತು ಫ್ರೇಮಿಗೆ ಟ್ರ್ಯಾಕ್ ಇರುವುದಿಲ್ಲ. ಕಿಟಕಿ ನಿಂತಲ್ಲೇ ನಿಲ್ಲುತ್ತದೆ, ಮುಖ ಹೊರಗೆ ಬರುತ್ತದೆ. ಸಾಫ್ಟ್‌ವೇರ್ ಎಚ್ಚರಿಸುವುದೂ ಇಲ್ಲ. ಎಡಿಟ್ ಬೀಗ ಹಾಕಿದ ಮೇಲೆಯೇ ಮುಖ ಮರೆಸಿ. ರೆಂಡರ್ ಆದ ಫೈಲನ್ನು ಒಂದೊಂದೇ ಫ್ರೇಮ್ ಒತ್ತಿ ನೋಡಿ. ಸ್ಕ್ರೀನ್‌ಶಾಟ್ ತೆಗೆಯುವವನಿಗೆ ಒಂದೇ ಫ್ರೇಮ್ ಸಾಕು. ಬೈಕಿನ ಕನ್ನಡಿ, ಸ್ಟೀಲ್ ಕೊಡ, ಆಫ್ ಆಗಿರುವ ಟಿವಿ ಪರದೆಯಲ್ಲಿ ಬಿದ್ದ ಪ್ರತಿಬಿಂಬವನ್ನೂ ಬಿಡಬೇಡಿ.

ಇಷ್ಟೆಲ್ಲ ಮಾಡಿದರೂ ಕಾನೂನು ಕೇಳುವುದು ಇದಕ್ಕಿಂತ ಹೆಚ್ಚು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮ ಬಯಲು ಮಾಡಬಾರದು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ. ಆ ‘ನೆರೆಹೊರೆ’ ಎಂಬ ಒಂದು ಪದದ ಮುಂದೆ ಪವರ್ ವಿಂಡೋ ಸೋಲುತ್ತದೆ. ಹಿಂದೆ ಕಾಣುವ ನೀರಿನ ಟ್ಯಾಂಕಿನ ಮೇಲೆ ಗ್ರಾಮ ಪಂಚಾಯಿತಿ ಹೆಸರಿದ್ದರೆ ಮುಖ ಮರೆಸಿ ಏನು ಬಂತು? ತಂದೆ ತಾಯಿ ಸಹಿ ಹಾಕಿಕೊಟ್ಟರೂ ನಡೆಯದು. ಅನುಮತಿ ಕೊಡಬಲ್ಲದ್ದು ವಿಶೇಷ ನ್ಯಾಯಾಲಯ ಮಾತ್ರ, ಅದೂ ಮಗುವಿನ ಹಿತಕ್ಕೆ ಅನ್ನಿಸಿದರೆ. ತಪ್ಪಿದರೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಾರ್ಮಿಕ ಕಾನೂನು ಮೀರಿ ದುಡಿಸಿಕೊಳ್ಳುತ್ತಿರುವ ಮಗು 2015ರ ಬಾಲನ್ಯಾಯ ಕಾಯ್ದೆಯಡಿ ರಕ್ಷಣೆ ಬೇಕಾದ ಮಗು. ಅಂಥ ಮಗುವಿನ ವಿಚಾರಣೆ, ತನಿಖೆಯ ವರದಿಯಲ್ಲಿ ಗುರುತು ಬಿಟ್ಟುಕೊಟ್ಟರೆ 74ನೇ ಕಲಮಿನಂತೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದನಿಯ ವಿಷಯದಲ್ಲಿ ರಿಸಾಲ್ವ್ ಮೋಸ ಮಾಡುತ್ತದೆ ಎಂದರೂ ಸರಿ. ಇನ್‌ಸ್ಪೆಕ್ಟರ್ ಎಂಬ ಫಲಕದಲ್ಲಿ ಪಿಚ್ (ದನಿಯ ಏರಿಳಿತ) ನಾಲ್ಕು ಸೆಮಿಟೋನ್, ಅಂದರೆ ನಾಲ್ಕು ಅರ್ಧಸ್ವರ ಇಳಿಸಿದರೆ ಹುಡುಗಿಯ ದನಿ ಗಡಸಾಗಿ ಕೇಳುತ್ತದೆ, ಕೆಲಸವಾಯಿತು ಅನ್ನಿಸುತ್ತದೆ. ಯಾರಾದರೂ ಅದನ್ನು ನಾಲ್ಕು ಸೆಮಿಟೋನ್ ಏರಿಸಿದರೆ ಹೆಚ್ಚುಕಡಿಮೆ ಮೂಲ ದನಿಯೇ ವಾಪಸು. ಹದಿನೆಂಟು ದಾಟಿದ ಬೇರೊಬ್ಬರಿಂದ ಮಾತನ್ನು ಮತ್ತೆ ಹೇಳಿಸಿ 48 ಕಿಲೊಹರ್ಟ್ಜ್‌ನಲ್ಲಿ ರೆಕಾರ್ಡ್ ಮಾಡುವುದೇ ಗಟ್ಟಿ ಉಪಾಯ. ಬೆಂಗಳೂರಿನ ಡಬ್ಬಿಂಗ್ ಕನ್ನಡದಲ್ಲಿ ಹೇಳಿಸಿದರೆ ಬಾಗೇಪಲ್ಲಿ, ಪಾವಗಡದ ತೆಲುಗು ಬೆರೆತ ಮಾತು ಸತ್ತೇ ಹೋಗುತ್ತದೆ. ಅದೇ ಸೀಮೆಯ, ಬೇರೆ ತಾಲ್ಲೂಕಿನವರನ್ನು ಹುಡುಕಿ. ಮೂಲ ಟ್ರ್ಯಾಕಿನ ಹಿನ್ನೆಲೆ ಸದ್ದನ್ನು ಹಾಗೇ ಕೆಳಗೆ ಹಾಸಬೇಡಿ: ಬಂಗಾರಪೇಟೆ ಸ್ಟೇಷನ್ನಿನ ಪ್ರಕಟಣೆ, ದೇವಸ್ಥಾನದ ಮೈಕಿನಲ್ಲಿ ಕೂಗುವ ಊರಿನ ಹೆಸರು ಅಲ್ಲೇ ಅಡಗಿರುತ್ತವೆ. ಸಬ್‌ಟೈಟಲಿನಲ್ಲಿ ಊರು ಉಳಿದಿದೆಯೇ ಎಂದೂ ನೋಡಿ.

ಕೊನೆಯದಾಗಿ ಫೈಲುಗಳು. ರಿಸಾಲ್ವ್ ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ಬ್ಲರ್ ಇರುವುದು ಪ್ರಾಜೆಕ್ಟಿನಲ್ಲಿ ಮಾತ್ರ. ಹಾಗಾಗಿ ಬೇರೆ ಎಡಿಟರಿಗೆ ಎಕ್ಸ್‌ಎಂಎಲ್ (ಎಡಿಟಿನ ವಿವರ ಬರೆದ ಫೈಲು) ಜೊತೆ ಮೂಲ ಫೈಲು ಕಳಿಸಿದರೆ ಹೋಗುವುದು ಮರೆಸದ ಮುಖ. ಇಡೀ ಪ್ರಾಜೆಕ್ಟನ್ನು ಕಟ್ಟಿಡುವ ಡಿಆರ್‌ಎ ಆರ್ಕೈವಿನ ಒಳಗೂ ಮೂಲ ಚಿತ್ರವೇ ಇರುತ್ತದೆ. ಹೊರಗೆ ಕೊಡುವುದು ರೆಂಡರ್ ಆದ ಫೈಲು ಮಾತ್ರ ಆಗಿರಲಿ. ಪೋಸ್ಟರ್, ಥಂಬ್‌ನೇಲ್ ಕೂಡ ಅದರಿಂದಲೇ ತೆಗೆಯಿರಿ. ರಿಸಾಲ್ವ್ ಕೆಲಸದ ನಡುವೆ ಮಾಡಿಕೊಳ್ಳುವ ಕ್ಯಾಷ್‌ಕ್ಲಿಪ್, ಪ್ರಾಕ್ಸಿಮೀಡಿಯಾ, ಗ್ಯಾಲರಿ ಫೋಲ್ಡರುಗಳಲ್ಲಿ ಮರೆಸದ ಮುಖಗಳು ಉಳಿದಿರುತ್ತವೆ. ಬಾಡಿಗೆ ಎಡಿಟ್ ಸೂಟಿನಲ್ಲಿ ಕೆಲಸ ಮಾಡಿದ್ದರೆ ಅವನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದ ಮೇಲೆಯೇ ಎದ್ದು ಬನ್ನಿ. ಮೂಲ ಡ್ರೈವಿಗೆ ವೆರಾಕ್ರಿಪ್ಟ್‌ನಂಥ ಎನ್‌ಕ್ರಿಪ್ಶನ್ ತಂತ್ರಾಂಶದ ಬೀಗ ಇರಲಿ, ಫೈಲಿನ ಹೆಸರಿನಲ್ಲಿ ಮಗುವಿನ ಹೆಸರು ಬೇಡ.