ಮರಣ ದಾಖಲೆ ಆನ್‌ಲೈನ್ ಹುಡುಕಾಟ: ಕಾಸರಗೋಡಿನ ಫೀಲ್ಡ್ ಕೆಲಸಕ್ಕೆ ಆಗ್ತದಾ?

ಐದರಲ್ಲಿ ಮೂರು ಸ್ಟಾರ್. ನಾನು ಬದಿಯಡ್ಕ, ಕುಂಬಳೆ ಕಡೆ ಒಂದು ದೀರ್ಘಕಾಲದ ಆರೋಗ್ಯ ಅಧ್ಯಯನಕ್ಕೆ ಫೀಲ್ಡ್ ಕೆಲಸ ಮಾಡುದು, ಅಂದ್ರೆ ವರ್ಷಗಳ ಹಿಂದೆ ಹೆಸರು ಕೊಟ್ಟವರು ಈಗ ಹೇಗಿದ್ದಾರೆ, ಇದ್ದಾರಾ ಇಲ್ವಾ ಅಂತ ನೋಡ್ತಾ ಇರ್ಬೇಕು. ಮನೆ ಬಾಗಿಲಲ್ಲಿ ನಿಂತು "ಅಜ್ಜ ಇದ್ದಾರಾ" ಅಂತ ಕೇಳುವ ಮೊದಲೇ ತೀರಿಹೋದ ವಿಷಯ ಗೊತ್ತಿದ್ರೆ ಆ ಮನೆಯವರಿಗೆ ಎಷ್ಟೋ ಒಳ್ಳೆದು, ಅದಕ್ಕೇ ಕೇರಳದಲ್ಲಿ ನೋಂದಣಿ ಆದ ಸಾವುಗಳನ್ನು ಹೆಸರು ಹಾಕಿ ಆನ್‌ಲೈನ್‌ನಲ್ಲಿ ಹುಡುಕುವ ಈ ಸೌಲಭ್ಯ ಬಂದದ್ದು ನನಗೆ ನಿಜವಾಗಿ ಖುಷಿ.

ಮನೆಯಲ್ಲೇ ತೀರಿಹೋದವರದ್ದು ಬೇಗ ಸಿಗ್ತದೆ. ಆದ್ರೆ ಕಾನೂನು ಪ್ರಕಾರ ನೋಂದಣಿ ಆಗುದು ಸಾವು ಆದ ಜಾಗದಲ್ಲಿ, ಮನೆ ಇರುವ ಊರಲ್ಲಿ ಅಲ್ಲ. ನಮ್ಮವರು ಕಾಯಿಲೆ ಜೋರಾದ್ರೆ ಹೋಗುದು ಮಂಗಳೂರಿಗೆ, 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಎಷ್ಟು ಕಷ್ಟ ಆಯ್ತು ಅಂತ ಎಲ್ಲರಿಗೂ ನೆನಪುಂಟು. ಅಲ್ಲಿ ತೀರಿದವರ ದಾಖಲೆ ಕರ್ನಾಟಕದ್ದು, ಕೇರಳದ ಪಟ್ಟಿಯಲ್ಲಿ ಹುಡುಕಿದ್ರೆ ಎಲ್ಲಿಂದ ಸಿಗ್ಬೇಕು ಮಾರಾಯ್ರೆ? ಮತ್ತೆ ತಪ್ಪಿಹೋಗುದು ಯಾರ್ಯಾರೋ ಅಲ್ಲ, ಕ್ಯಾನ್ಸರ್, ಹಾರ್ಟು, ಕಿಡ್ನಿ ಅಂತ ದೊಡ್ಡ ಆಸ್ಪತ್ರೆಗೆ ಹೋದವರೇ. ಅವರು ನಮ್ಮ ಲೆಕ್ಕದಲ್ಲಿ ಬದುಕಿಯೇ ಉಳೀತಾರೆ, ವರ್ಷ ಹೋದ ಹಾಗೆ ಸಾವಿನ ಪ್ರಮಾಣ ಇದ್ದದ್ದಕ್ಕಿಂತ ಕಮ್ಮಿ ಕಾಣ್ತದೆ, ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಜಿಲ್ಲೆಯಲ್ಲಿ ಹಾಗೆ ಆಗ್ಲೇಬಾರದು.

ಸ್ಪೆಲ್ಲಿಂಗ್ ಸಹ ನೋಡ್ಕೊಳ್ಳಿ, ನಾಯ್ಕ, ನಾಯಕ್, ನಾಯಿಕ್ ಎಲ್ಲ ಹಾಕಿ ನೋಡ್ಬೇಕು. ಸಾವಿನ ಕಾರಣ ಮಾತ್ರ ಎಂತ ಮಾಡಿದ್ರೂ ಇಲ್ಲಿ ಸಿಕ್ಕುದಿಲ್ಲ, 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಸರ್ಟಿಫಿಕೇಟಿನಲ್ಲಿ ಕಾರಣ ತೋರಿಸ್ಬಾರದು ಅಂತ ಉಂಟು. ಮನೆಯವರ ಗುಟ್ಟು ಉಳೀಬೇಕು, ಅದು ಸರಿಯೇ. ಹಾಗಾಗಿ ನಾವು ಮನೆಯವರ ಹತ್ರ ಕೂತು ಕಡೆಗೆ ಎಂತೆಲ್ಲ ಆಯ್ತು ಅಂತ ಕೇಳಿ ಬರೆಯುದು, ಅದಕ್ಕೆ ವರ್ಬಲ್ ಅಟಾಪ್ಸಿ ಅಂತಾರೆ.

ಅಮೆರಿಕದಲ್ಲಿ ನ್ಯಾಷನಲ್ ಡೆತ್ ಇಂಡೆಕ್ಸ್ ಅಂತ ಉಂಟು, 1979ರಿಂದ ಆಚೆ ಎಲ್ಲ ರಾಜ್ಯಗಳ ಸಾವು ಒಂದೇ ಕಡೆ. ಯಾರೂ ಹೋಗಿ ಇಣುಕುವ ಹಾಗಿಲ್ಲ, ಸಂಶೋಧಕರು ಅರ್ಜಿ ಹಾಕಿ ಒಪ್ಪಿಗೆ ತಗೊಂಡು ತಮ್ಮ ಪಟ್ಟಿ ಕೊಟ್ರೆ ಹೆಸರು, ಹುಟ್ಟಿದ ತಾರೀಕು ಎಲ್ಲ ತಾಳೆ ನೋಡಿ ಕೊಡ್ತಾರೆ, ಬೇಕಾದ್ರೆ ಕಾರಣದ ಕೋಡ್ ಸಹ. ನಮ್ಮಲ್ಲೂ 2023ರ ತಿದ್ದುಪಡಿಯಿಂದ ರಾಷ್ಟ್ರಮಟ್ಟದ ಡೇಟಾಬೇಸ್ ಅಂತ ಕಾನೂನಾಗಿದೆ. ಅದರಲ್ಲಿ ಎಥಿಕ್ಸ್ ಕಮಿಟಿ ಒಪ್ಪಿದ ಅಧ್ಯಯನಗಳಿಗೆ ಹೀಗೆ ಒಂದು ದಾರಿ ಮಾಡಿಕೊಟ್ರೆ ಗಡಿಯ ನಮ್ಮಂಥವರಿಗೆ ದೊಡ್ಡ ಉಪಕಾರ, ಆಗ ನಾನು ಐದಕ್ಕೆ ಐದು ಕೊಡ್ತೇನೆ.

ಈಗ ಉಪಯೋಗಿಸುವವರು "ದಾಖಲೆ ಇಲ್ಲ" ಅಂತ ಬಂದ ಕೂಡ್ಲೆ "ಬದುಕಿದ್ದಾರೆ" ಅಂತ ಟಿಕ್ ಹಾಕ್ಬೇಡಿ. ವಾರ್ಡಿನ ಆಶಾ ಅಕ್ಕನ ಹತ್ರ ಕೇಳಿ, ಮಂಗಳೂರಿಗೆ ಕರ್ಕೊಂಡು ಹೋಗಿದ್ರು ಅಂತಾದ್ರೆ ಕರ್ನಾಟಕದ ದಾಖಲೆಯಲ್ಲೂ ಹುಡುಕಿ.