ಗಾಳಿ ತುಂಬುವ ಪ್ಯಾಡಲ್ ಬೋರ್ಡ್: 4 ಅಂಗುಲವೋ, 6 ಅಂಗುಲವೋ, ಗಟ್ಟಿ ಹಲಗೆಯೋ?

ಎದ್ದು ನಿಂತು ಹುಟ್ಟು ಹಾಕುತ್ತ ನೀರಿನ ಮೇಲೆ ಸಾಗುವ ಹಲಗೆಯೇ ಪ್ಯಾಡಲ್ ಬೋರ್ಡ್. ಮೊದಲೇ ಹೇಳಿಬಿಡುತ್ತೇನೆ, ನಾನು 6 ಅಂಗುಲ ದಪ್ಪದ ಬೋರ್ಡಿನ ಕಡೆಯವನು. ಆ ಪಕ್ಷಕ್ಕೆ ಸೇರಿದ್ದು ಕೈ ಸುಟ್ಟುಕೊಂಡ ಮೇಲೆ: ಮೊದಲು ಕೊಂಡ 4 ಅಂಗುಲದ ಬೋರ್ಡನ್ನು ಎರಡೇ ತಿಂಗಳಲ್ಲಿ ಕೈಬಿಟ್ಟೆ, ನಡುವೆ ಕೆಲವು ವಾರ ಗಾಳಿ ತುಂಬಬೇಕಿಲ್ಲದ ಗಟ್ಟಿ ಬೋರ್ಡನ್ನು ಬಾಡಿಗೆಗೆ ಪಡೆದು ಬಳಸಿದೆ, ಆಮೇಲೆ ಕೊಂಡ 6 ಅಂಗುಲದ ಬೋರ್ಡಿಗೆ ಈಗ ಮೂರನೆಯ ವರ್ಷ ನಡೆಯುತ್ತಿದೆ.

ತೆಳು ಬೋರ್ಡನ್ನು ನಾನು ಆರಿಸಿದ್ದಕ್ಕೆ ಕಾರಣ ಅಗ್ಗವೆಂಬುದೊಂದೇ. ಹಗುರ, ಸುತ್ತಿದರೆ ಸಣ್ಣ ಗಂಟು, ಗಾಳಿಯೂ ಬೇಗ ತುಂಬುತ್ತದೆ. ಆದರೆ 82 ಕಿಲೋ ತೂಕದ ನಾನು ಅದರ ಮೇಲೆ ಎದ್ದು ನಿಂತ ಕೂಡಲೇ ನಡು ತಗ್ಗಿ, ಎರಡೂ ತುದಿಗಳು ಮೇಲೆದ್ದು, ಬೋರ್ಡು ಬಾಳೆಹಣ್ಣಿನ ಆಕಾರಕ್ಕೆ ಬರುತ್ತಿತ್ತು. ಎತ್ತಿಕೊಳ್ಳಲು ಇರುವ ನಡುವಿನ ಹಿಡಿಯ ಸುತ್ತ ನೀರು ನಿಂತು, ಪಾದದ ಬೆರಳುಗಳು ಸದಾ ಆ ಮಡುವಿನಲ್ಲೇ ಇರುತ್ತಿದ್ದವು. ಪ್ರತಿ ಸಲ ಹುಟ್ಟು ಹಾಕಿದಾಗಲೂ ಕಾಲ ಕೆಳಗೆ ಅದು ಉಯ್ಯಾಲೆಯಂತೆ ಕುಪ್ಪಳಿಸುತ್ತಿತ್ತು. ಸಮತೋಲ ನನಗೇ ಒಲಿಯುತ್ತಿಲ್ಲವೆಂದು ನಾನು ಬಹಳ ದಿನ ನನ್ನನ್ನೇ ಬೈದುಕೊಂಡೆ.

ಈ ಬೋರ್ಡುಗಳ ಒಳಗೆ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ನೂಲುಗಳು ಹಿಡಿದಿಟ್ಟಿರುತ್ತವೆ. ಗಾಳಿ ತುಂಬಿದಾಗ ಅದು ಬಲೂನಿನಂತೆ ಉಬ್ಬದೆ ಹಲಗೆಯಂತೆ ಚಪ್ಪಟೆಯಾಗಿ ನಿಲ್ಲುವುದು ಆ ನೂಲುಗಳಿಂದಲೇ. ಆ ಎರಡು ಪದರಗಳ ನಡುವಿನ ಅಂತರ ಹೆಚ್ಚಿದಷ್ಟೂ ಹಲಗೆ ಬಾಗುವುದು ಕಡಿಮೆ. ಹಾಗಾಗಿ 2 ಅಂಗುಲ ಹೆಚ್ಚು ದಪ್ಪ ಎಂಬುದು ಕೇಳಲು ಸಣ್ಣ ಮಾತಾದರೂ, ಕಾಲಿಗೆ ತಿಳಿಯುವ ವ್ಯತ್ಯಾಸ ದೊಡ್ಡದು. ಈಗಿನ ನನ್ನ ಬೋರ್ಡು 10 ಅಡಿ 6 ಅಂಗುಲ ಉದ್ದ, 32 ಅಂಗುಲ ಅಗಲ. 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಮೇಲೆ ಬೆರಳಿನಿಂದ ತಟ್ಟಿದರೆ ಮರದ ಹಲಗೆಯಂತೆಯೇ ಸದ್ದು ಮಾಡುತ್ತದೆ.

ಗಟ್ಟಿ ಬೋರ್ಡಿನ ಓಟ ಇವೆರಡಕ್ಕಿಂತಲೂ ಚಂದ, ಅದರಲ್ಲಿ ವಾದವಿಲ್ಲ. ಮನೆ ನೀರಿನ ಪಕ್ಕದಲ್ಲೇ ಇದ್ದವರು ಅದನ್ನೇ ಕೊಳ್ಳಲಿ. ಮೆಟ್ಟಿಲು ಹತ್ತಿ ಮನೆ ಸೇರಬೇಕಾದ ನನಗೆ ಹತ್ತಡಿಗೂ ಮಿಕ್ಕ ಹಲಗೆಯನ್ನು ಇಡಲು ಜಾಗವಿಲ್ಲ.

ಇನ್ನು 6 ಅಂಗುಲದ ಬೋರ್ಡು ಕೊಡುವ ಒಂದೇ ಒಂದು ಕಾಟಕ್ಕೆ, ಅಂದರೆ ಗಾಳಿ ತುಂಬುವ ಕೆಲಸಕ್ಕೆ, ಬರುತ್ತೇನೆ. ಕೈಪಂಪಿನಿಂದ ಮೊದಲ ಕೆಲವು ನಿಮಿಷ ಸಲೀಸಾಗಿ ಸಾಗುತ್ತದೆ, ಆದರೆ ಒತ್ತಡದ ಮುಳ್ಳು ಸೊನ್ನೆಯಿಂದ ಅಲುಗುವುದೇ ಇಲ್ಲ. ಮೊದಲ ದಿನ ಪಂಪು ಕೆಟ್ಟಿದೆಯೆಂದೇ ತಿಳಿದು ಬಿಚ್ಚಿ ನೋಡಿದ್ದೆ. ಬೋರ್ಡು ಪೂರ್ತಿ ಆಕಾರಕ್ಕೆ ಬರುವವರೆಗೆ ಒತ್ತಡ ಏರುವುದಿಲ್ಲ, ಅಷ್ಟೇ. 8 ಪಿಎಸ್‌ಐ ದಾಟಿದ ಮೇಲೆ ಪಂಪಿನ ಪಕ್ಕದ ಬಿರಡೆ ತೆಗೆದು, ಕೆಳಗೆ ಒತ್ತಿದಾಗ ಮಾತ್ರ ಗಾಳಿ ಹೋಗುವಂತೆ ಮಾಡಿಕೊಳ್ಳಬೇಕು. ಇಲ್ಲವಾದರೆ ಮೇಲೆಳೆಯುವುದೇ ಒಂದು ಕುಸ್ತಿಯಾಗುತ್ತದೆ. ಕೊನೆಯ ಹಂತದಲ್ಲಿ ತೋಳು ನೇರವಾಗಿಟ್ಟು ಮೈಭಾರವನ್ನೇ ಹಿಡಿಯ ಮೇಲೆ ಬಿಡಬೇಕು. ಬೆನ್ನು ಬಗ್ಗಿಸಿ ಒತ್ತಿದರೆ ಮರುದಿನ ಬೆನ್ನೇ ಲೆಕ್ಕ ಕೇಳುತ್ತದೆ.

ನನ್ನನ್ನು ನಿಜವಾಗಿ ಅಳಿಸಿದ್ದು ವಾಲ್ವಿನ ಮಧ್ಯದ ಪುಟ್ಟ ಮೊಳೆ. ಅದು ಮೇಲೆದ್ದಿದ್ದರೆ ವಾಲ್ವು ಮುಚ್ಚಿದೆ, ಅಂದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಒತ್ತಿ ತಿರುಗಿಸಿದಾಗ ಕೆಳಗೇ ಸಿಕ್ಕಿಕೊಂಡರೆ ವಾಲ್ವು ತೆರೆದಿದೆ ಎಂದರ್ಥ. ಹಿಂದಿನ ಸಲ ಗಾಳಿ ಬಿಡಲು ಒತ್ತಿದ್ದ ಮೊಳೆಯನ್ನು ಹಾಗೆಯೇ ಮರೆತು, ಕಾಲು ಗಂಟೆ ಬೆವರು ಸುರಿಸಿ 15 ತಲುಪಿಸಿ, ಕೊಳವೆ ಕಳಚಿದ ಕ್ಷಣ ಭುಸ್ಸೆಂದು ಎಲ್ಲ ಗಾಳಿಯೂ ಹೊರಬಂದು, ಕಣ್ಣೆದುರೇ ಬೋರ್ಡು ಒದ್ದೆ ಚಾಪೆಯಂತೆ ಮಲಗಿತು. ನಾಚಿಕೆಯ ಮಾತೆಂದರೆ, ಇದು ಎರಡು ಸಲ ಆಯಿತು. ಈಗ ಕೊಳವೆ ಸಿಕ್ಕಿಸುವ ಮೊದಲು ಮೊಳೆಯನ್ನೊಮ್ಮೆ ಬೆರಳಿನಿಂದ ಒತ್ತಿ ಬಿಡುತ್ತೇನೆ. ಅದು ಟಕ್ಕೆಂದು ಮೇಲೆ ಚಿಮ್ಮಿದರೆ ಮಾತ್ರ ಮುಂದಿನ ಕೆಲಸ.

ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ವಿದ್ಯುತ್ ಪಂಪನ್ನೂ ಎರವಲು ಪಡೆದು ನೋಡಿದೆ. ಬೇಕಾದ ಒತ್ತಡ ಗೊತ್ತುಮಾಡಿದರೆ ತಾನೇ ನಿಲ್ಲುತ್ತದೆ, ನಿಜ. ಆದರೆ ಹತ್ತು ನಿಮಿಷ ಕಿವಿಗಡಚಿಕ್ಕುವಂತೆ ಅರಚುತ್ತದೆ, ಒಂದರ ಹಿಂದೊಂದು ಬೋರ್ಡು ತುಂಬಿಸಿದರೆ ಕಾದು ಕೆಂಡವಾಗುತ್ತದೆ, ಮೇಲಾಗಿ ಕಾರು ನಿಲ್ಲಿಸಿದ ಕಡೆಯಿಂದ ತುಂಬಿದ ಬೋರ್ಡನ್ನು ನೀರಿನವರೆಗೆ ಹೊರಬೇಕು. ಬೆಳಗಿನ ಜಾವ ಒಬ್ಬನೇ ಹೋಗುವ ನನಗೆ ಕೈಪಂಪೇ ಸಾಕು. ಮನೆಮಂದಿಯ ಮೂರು ಬೋರ್ಡು ತುಂಬಿಸುವವರು ವಿದ್ಯುತ್ ಪಂಪನ್ನೇ ನೋಡಲಿ.

ಉಳಿದವು ಚಿಕ್ಕ ಮಾತುಗಳು. ಜೊತೆಗೆ ಬರುವ ಅಲ್ಯೂಮಿನಿಯಂ ಹುಟ್ಟು ಭಾರವಾದರೂ ಮೊದಲ ವರ್ಷಕ್ಕೆ ನಡೆಯುತ್ತದೆ. ಅದರ ಅಲಗು ಮುಂದಕ್ಕೆ ಬಾಗಿರಬೇಕು, ನಾನು ಎರಡು ವಾರ ಹಿಂದುಮುಂದಾಗಿ ಹಿಡಿದಿದ್ದೆ. ಬೋರ್ಡನ್ನು ಕಾಲಿಗೆ ಕಟ್ಟಿಕೊಳ್ಳುವ ಹಗ್ಗವನ್ನೂ ಲೈಫ್ ಜಾಕೆಟ್ಟನ್ನೂ ಬಿಟ್ಟು ನೀರಿಗಿಳಿಯಬಾರದು, ಏಕೆಂದರೆ ಗಾಳಿಗೆ ಸಿಕ್ಕ ಬೋರ್ಡು ನಾವು ಈಜುವುದಕ್ಕಿಂತ ವೇಗವಾಗಿ ದೂರವಾಗುತ್ತದೆ. ಹರಿಯುವ ನದಿಯಲ್ಲಾದರೆ ಆ ಹಗ್ಗ ಕೊಂಬೆಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಡಿಸಿಕೊಳ್ಳಬಹುದಾದದ್ದೇ ಬೇಕು. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯಿದ್ದ ದಿನ ನಾನು ಚೀಲ ಬಿಚ್ಚುವುದೇ ಇಲ್ಲ. ತುಂಬಿದ ಬೋರ್ಡನ್ನು ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಅಂಚಿನ ಬೆಸುಗೆಗೆ ಪೆಟ್ಟು.

ಇರುವ ಹಣವನ್ನು ಒಂದೇ ಕಡೆ ಹಾಕಬೇಕೆಂದರೆ ದಪ್ಪ ಬೋರ್ಡಿಗೆ ಹಾಕಿ, ಹುಟ್ಟಿನಲ್ಲೂ ಪಂಪಿನಲ್ಲೂ ಉಳಿಸಿ. ಅಂದಹಾಗೆ, ನನ್ನ ಹಳೆಯ 4 ಅಂಗುಲದ ಬೋರ್ಡು ಈಗ ಅಕ್ಕನ ಮಗಳ ಪಾಲಾಗಿದೆ. ಅವಳ ತೂಕ 35 ಕಿಲೋ. ಅವಳ ಕಾಲ ಕೆಳಗೆ ಅದು ಒಂದಿಷ್ಟೂ ಬಾಗುವುದಿಲ್ಲ.